ಲಕ್ಕಮ್ಮನ ತಕಲಿ

೪–೧೨–೧೯೫೮, ಗುರುವಾರ. ಹುಲಿಕುಂಟೆ.

ಲಕ್ಕಮ್ಮ ಇವತ್ತೂ ಶಾಲೆಗೆ ಬರಲಿಲ್ಲ. ತಪ್ಪು ನನ್ನದೇ.

ಟ್ರೈನಿಂಗಿನ ಮೊದಲ ವರ್ಷದಲ್ಲಿ ಪಾಠ ಮಾಡಲು ಸಿಕ್ಕ ಮೊದಲ ಶಾಲೆ ಇದು. ನೂಲುವುದೂ ಒಂದು ಪಾಠವಾದ ಹೊಸ ಮೂಲಶಿಕ್ಷಣದಲ್ಲಿ ಮಗುವಿನ ಕೈ, ತಲೆ, ಹೃದಯ ಮೂರೂ ಒಟ್ಟಿಗೆ ಬೆಳೆಯಬೇಕು ಅಂತ ನೋಟ್ಸಿನಲ್ಲಿ ಬರೆದುಕೊಂಡು ಬಂದಿದ್ದೆ. ಸೋಮವಾರ ಲಕ್ಕಮ್ಮನ ಅಪ್ಪ, ಕಂಬಳಿ ನೇಯುವ ಬೋರಯ್ಯ, ಶಾಲೆಯ ಮುಂದೆ ಸಿಕ್ಕ. ಖುಷಿಯಲ್ಲಿ ಹೇಳಿಬಿಟ್ಟೆ: ತಕಲಿಯಲ್ಲಿ ನೂಲುವುದರಲ್ಲಿ ನಿಮ್ಮ ಮಗಳೇ ಕ್ಲಾಸಿಗೆ ಫಸ್ಟ್!

ಬೋರಯ್ಯ ನಕ್ಕುಬಿಟ್ಟ. "ಅಯ್ಯೋ ಮೇಷ್ಟ್ರೇ, ಮೀನ್ಗೆ ಈಜು ಕಲಿಸ್ತಾ ಇದ್ದೀರಾ? ನೂಲಾದ್ನ ಅವ್ರಜ್ಜಿ ಮನೇಲೇ ಕಲಿಸ್ಬುಟ್ಟವ್ಳೆ. ಅದ್ಕೆ ಇಸ್ಕೂಲ್ಯಾಕೆ?"

ಮಾರನೇ ದಿನದಿಂದ ಅವಳಿಲ್ಲ. ಹಾಸ್ಟೆಲಿನಲ್ಲೇ ಬೆಳೆದವನು ನಾನು, ಕಂಬಳಿ ನೇಯುವವರ ಮನೆ ಏನು ಗೊತ್ತು?

ಸಂಜೆ ಅವರ ಹಟ್ಟಿಗೆ ಹೋದೆ. ಲಕ್ಕಮ್ಮ ಅಜ್ಜಿಯ ಪಕ್ಕ ಕೂತು ಉಣ್ಣೆ ನೂಲುತ್ತಿದ್ದಳು. ತಲೆಯೆತ್ತದೆ ಕೇಳಿದಳು: "ಮೇಷ್ಟ್ರೇ, ನಂಗೆ ನೂಲಾಕೆ ಬರ್ದೇ ಇದ್ದಿದ್ರೆ ಅಪ್ಪ ಇಸ್ಕೂಲ್ಗೆ ಕಳಿಸ್ತಿದ್ನಾ?"

ಕಳೆದ ಶನಿವಾರ ಇವಳು ಇಡೀ ಪಾಠವನ್ನು ಎಲ್ಲೂ ತಡವರಿಸದೆ ಓದಿದ್ದಳು. ಓದಿ ಮುಗಿಸಿ, ಇನ್ನೊಂದು ಓದಲಾ ಅಂದಿದ್ದಳು. ಬೋರಯ್ಯನ ಮುಂದೆ ತಕಲಿಯ ಬದಲು ಆ ಒಂದು ಮಾತನ್ನು ಹೇಳಿದ್ದಿದ್ದರೆ ಇವಳು ಇವತ್ತು ಶಾಲೆಯಲ್ಲಿರುತ್ತಿದ್ದಳೇನೋ.