ಹಲ್ಲಿನಂಗಡಿಯ ಕಾರ್ ಲೈಟು

ತೈಪಿಂಗ್
15 ಜುಲೈ 1993, ಗುರುವಾರ

ಪ್ರೀತಿಯ ಟೇಕ್,

ಊಟವಾಯಿತಾ? ನಿಮ್ಮ ಹಡಗಿನ ಅಡುಗೆಯವನು ಈಗಲಾದರೂ ಅನ್ನ ಬೇಯಿಸುವುದನ್ನು ಕಲಿತನೋ, ಇನ್ನೂ ಗಂಜಿಯನ್ನೇ ಅನ್ನವೆಂದು ಬಡಿಸುತ್ತಿದ್ದಾನೋ? ಸೊಂಟನೋವು ಹೇಗಿದೆ? ಮುಲಾಮು ಮುಗಿದಿದ್ದರೆ ಬರೆ, ಕಳಿಸುತ್ತೇನೆ. ಎಂಜಿನ್ ರೂಮಿನ ಸೆಖೆಯಿಂದ ಮೇಲೆ ಬಂದವನೇ ತಣ್ಣೀರು ಸುರಿದುಕೊಳ್ಳಬೇಡ. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನಪ್ಪನ ಕೆಮ್ಮು ಕಡಿಮೆಯಾಗಿದೆ, ಹಠ ಕಡಿಮೆಯಾಗಿಲ್ಲ. ಹಲ್ಲು ಕಟ್ಟಿಸಿಕೊಳ್ಳುವವರು ಈಗೀಗ ದೊಡ್ಡ ಕ್ಲಿನಿಕ್ಕಿಗೇ ಹೋಗುತ್ತಾರೆ. ಆದರೂ ಅಪ್ಪ ಬೆಳಿಗ್ಗೆ ಎದ್ದು ಅಂಗಡಿಯ ಬಾಗಿಲು ತೆಗೆಯುವುದು, ಮೇಜು ಒರೆಸುವುದು, ಪ್ಲಾಸ್ಟರಿನ ಡಬ್ಬಿ ಅಲ್ಲಾಡಿಸಿ ನೋಡುವುದು ಯಾವುದೂ ತಪ್ಪಿಲ್ಲ.

ಇನ್ನು ನಿನ್ನ ಕಾರಿನ ವಿಷಯ. ಪಕ್ಕದ ಮನೆ ಜೈತೂನ್ ಚಿಕ್ಕಮ್ಮನ ಮರದಿಂದ ಮುಳ್ಳುಮುಳ್ಳಿನ ದಪ್ಪ ಡುರಿಯನ್ ಹಣ್ಣು ಬಿದ್ದು ನಿನ್ನ ಡಟ್ಸನ್‌ನ ಹಿಂದಿನ ಎಡಗಡೆ ಲೈಟು ಒಡೆದದ್ದನ್ನು ಬರೆದಿದ್ದೆನಲ್ಲ. ಪಾಪ, ಅವಳು ಇವತ್ತಿಗೂ ಬೇಲಿಯ ಆಚೆಯಿಂದ ನನ್ನ ಮುಖ ನೋಡಿದಾಗಲೆಲ್ಲ ಒಂದು ಹಣ್ಣು ಕೊಡುತ್ತಾಳೆ, ಮನೆಯೆಲ್ಲ ಅದೇ ವಾಸನೆ. ನಿನ್ನ ಉತ್ತರ ಬಂದ ದಿನ ಎಂದಿನಂತೆ ಊಟದ ಹೊತ್ತಿಗೆ ಗಟ್ಟಿಯಾಗಿ ಓದಿದೆ. ಅಪ್ಪ ಕೇಳಿಸದವರ ಹಾಗೆ ಮೀನಿನ ಮುಳ್ಳು ಬಿಡಿಸುತ್ತಾ ಕೂತಿದ್ದರು. ಅಷ್ಟು ಹಳೆಯ ಕಾರಿನ ಲೈಟು ಇನ್ನು ಎಲ್ಲೂ ಸಿಗುವುದಿಲ್ಲ, ಇಪೋದ ಲಾಯ್ ಬಿಡಿಭಾಗಕ್ಕೆಂದು ಕೇಳುತ್ತಿದ್ದಾನಲ್ಲ, ಕಾರನ್ನೇ ಕೊಟ್ಟುಬಿಡು ಎಂದು ನೀನು ಬರೆದದ್ದನ್ನು ಓದುವಾಗ ಮಾತ್ರ ಅವರ ಕೈ ನಿಂತಿತು. ನೀನು ಆ ಕಾರನ್ನು ಮನೆಗೆ ತಂದ ದಿನ ನಿಮ್ಮಿಬ್ಬರ ನಡುವೆ ಏನೇನು ಮಾತಾಯಿತೆಂದು ನಾನು ನೆನಪಿಸಬೇಕಾಗಿಲ್ಲ. ಹಲ್ಲು ಕಟ್ಟುತ್ತಾ ಊರವರ ಬಾಯಿಗೆ ಕೈ ಹಾಕಿಕೊಂಡು ಬದುಕೋದು ನನ್ನ ಕೈಲಾಗಲ್ಲ ಅಂದೆಯಲ್ಲ, ಆಮೇಲೆ ಅವರು ಎಂಥ ಮಳೆ ಬಂದರೂ ಆ ಕಾರು ಹತ್ತಲಿಲ್ಲ. ನೀನು ಪಕ್ಕದಲ್ಲೇ ನಿಧಾನವಾಗಿ ಓಡಿಸುತ್ತಾ ಕರೆದರೂ ಕೊಡೆ ಹಿಡಿದು ನಡೆದೇ ಹೋದರು.

ನಿನ್ನ ಪತ್ರ ಓದಿದ ಮರುದಿನ ಬೆಳಿಗ್ಗೆ ನೋಡಿದರೆ ಕಾರಿನ ಬಲಗಡೆ ಲೈಟಿನ ಕೆಂಪು ಮುಚ್ಚಳವೂ ಇಲ್ಲ. ಕಳ್ಳತನವಾಯಿತೆಂದು ಅಂಗಡಿಗೆ ಓಡಿದರೆ ಅದು ಅಪ್ಪನ ಮೇಜಿನ ಮೇಲಿದೆ. ಅವರು ಬ್ರಷ್ಷಿನಿಂದ ಅದರ ಗೆರೆಗಳ ಸಂದು ತಿಕ್ಕುತ್ತಿದ್ದಾರೆ. ನನ್ನನ್ನು ನೋಡದೆಯೇ, "ಹಲ್ಲಿನ ಅಚ್ಚಿನ ಪೆಟ್ಟಿಗೆಗೆ ಇದು ಹಿಡಿಯಲ್ಲ. ನಿನ್ನ ಕೇಕಿನ ತಟ್ಟೆ ಕೊಡು," ಅಂದರು. ಕೊಟ್ಟೆ. ಆ ತಟ್ಟೆ ಇನ್ನು ಕೇಕಿಗೆ ಬಾರದು, ಹೊಸದು ನಿನ್ನ ಲೆಕ್ಕದಲ್ಲಿ.

ಎರಡೂ ಕಡೆಯ ಮುಚ್ಚಳದ ಆಕಾರ ಒಂದೇ ಆದ್ದರಿಂದ ಬಚಾವಾದೆವು. ಪ್ಲಾಸ್ಟರಿನಲ್ಲಿ ಅಚ್ಚು ತೆಗೆದರು. ಹಲ್ಲಿನ ಸೆಟ್ಟು ಮಾಡುವ ಪುಡಿಯನ್ನೂ ಆ ಮೂಗಿಗೆ ಹೊಡೆಯುವ ದ್ರವವನ್ನೂ ಕಲಸಿ ಹಿಟ್ಟಿನ ಹಾಗೆ ಮಾಡಿ ತುಂಬಿದರು. ವಸಡಿಗೆ ಹಾಕುವ ಗುಲಾಬಿ ಪುಡಿಯಲ್ಲಿ ಬೆಳಕು ಹಾಯುವುದಿಲ್ಲವೆಂದು ಬಣ್ಣವಿಲ್ಲದ ಪುಡಿ ತೆಗೆದುಕೊಂಡು ಬೋರ್ಡು ಬರೆಯುವವರ ಕೆಂಪು ಬಣ್ಣ ಬೆರೆಸಿದ್ದರು. ಮೊದಲನೆಯದು ಚೆಂದವಾಗಿ ಬಂತು, ಆದರೆ ಒಳಗೆ ಬಲ್ಬು ಹಿಡಿದರೆ ಇಟ್ಟಿಗೆಯ ಹಿಂದೆ ಹಿಡಿದ ಹಾಗೆ. ಎರಡು ದಿನ ಮುಖ ಊದಿಸಿಕೊಂಡು ಓಡಾಡಿದರು. ಆಮೇಲೆ ದೇವಸ್ಥಾನದ ಬೀದಿಯಲ್ಲಿ ಮೇಣದಬತ್ತಿ ಮಾಡುವವರ ಹತ್ತಿರ ಹೋಗಿ, ಕೆಂಪು ಬತ್ತಿಗೆ ಹಾಕುವ ಬಣ್ಣವನ್ನು ಚಿಟಿಕೆಯಷ್ಟು ಕಾಗದದಲ್ಲಿ ಕಟ್ಟಿಸಿಕೊಂಡು ಬಂದರು. ಅದು ದ್ರವದಲ್ಲಿ ಕರಗಿ ದಾಳಿಂಬೆ ರಸದ ಹಾಗಾಯಿತು. ಅಪ್ಪ ಬಾಟಲಿಯನ್ನು ಕಿಟಕಿಗೆ ಹಿಡಿದು ಎಷ್ಟು ಹೊತ್ತು ನೋಡಿದರೆಂದರೆ, ಕಟ್ಟಿದ ಹಲ್ಲು ಉಜ್ಜಿಸಿ ಸರಿಮಾಡಿಸಲು ಬಂದ ಮುದುಕಿ ಬಾಯಿ ತೆರೆದುಕೊಂಡೇ ಕೂತಿದ್ದಳು.

ಆ ಎರಡನೆಯದನ್ನು ಕೆಡಿಸಿದವಳು ನಾನು. ತುಂಬಿದ ಅಚ್ಚನ್ನು ನೀರಿನಲ್ಲಿಟ್ಟು ಸಣ್ಣ ಉರಿಯಲ್ಲಿ ಬಿಸಿಯೇರಿಸಬೇಕಂತೆ. ನನಗೋ ಸಾರು ಕುದಿಸಲು ಹೊತ್ತಾಗುತ್ತಿತ್ತು, ಒಲೆ ಖಾಲಿಯಾಗಲೆಂದು ಉರಿ ಜೋರು ಮಾಡಿದೆ. ಬಿಚ್ಚಿದಾಗ ಒಳಗೆಲ್ಲ ಗುಳ್ಳೆ. ಬೈಗುಳಕ್ಕೆ ಸಿದ್ಧಳಾಗಿ ನಿಂತೆ. ಅಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಟೇಕೂ ಹಿಂಗೇ ಮಾಡ್ತಿದ್ದ. ನಿಂಗೇನು, ಅವನೇ ಕಲಿಸಿಕೊಟ್ಟನಾ?" ಅಂದರು. ನಾನು ಸೊಸೆಯಾಗಿ ಈ ಮನೆಗೆ ಬಂದಮೇಲೆ ನಿನ್ನ ಹೆಸರು ಅವರ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಆ ರಾತ್ರಿ ಹೊರಗಿನಿಂದ ನೂಡಲ್ಸ್ ತಂದು ತಿಂದೆವು, ಒಲೆಯನ್ನು ಅವರಿಗೇ ಬಿಟ್ಟುಕೊಟ್ಟೆ.

ಮೂರನೆಯದು ಸರಿಯಾಗಿ ಬಂತು. ಹಲ್ಲಿನ ಸೆಟ್ಟಿಗೆ ಹೊಳಪು ಕೊಡುವ ಬಟ್ಟೆಯ ಚಕ್ರಕ್ಕೇ ಹಿಡಿದು ತಿಕ್ಕಿದರು. ಸಂಜೆ ಅದನ್ನು ಕೂರಿಸಿ, ರಬ್ಬರು ಒತ್ತಿ, ಸ್ಕ್ರೂ ತಿರುಗಿಸಿದ್ದಾಯಿತು. ಬ್ರೇಕ್ ತುಳಿಯಲು ಒಬ್ಬರು, ಹಿಂದೆ ನಿಂತು ನೋಡಲು ಒಬ್ಬರು ಬೇಕಿತ್ತು. ನಾನು ಕಾರಿನ ಬಾಗಿಲಿನ ಕಡೆ ಹೊರಟರೆ ಅಪ್ಪ ತಡೆದರು. "ನೀನು ನೋಡು. ನನ್ನ ಕಣ್ಣಿಗೆ ಎಲ್ಲ ಕೆಂಪೂ ಒಂದೇ ಥರ ಕಾಣ್ತದೆ." ಅವರ ಕಣ್ಣು ನನಗೆ ಗೊತ್ತಿಲ್ಲವೇ? ಆದರೂ ಸುಮ್ಮನೆ ಹಿಂದಕ್ಕೆ ಹೋಗಿ ಚರಂಡಿಯ ಪಕ್ಕ ನಿಂತೆ. ಅಷ್ಟು ತಗ್ಗಿನ ಸೀಟಿಗೆ ಇಳಿಯಲು ಅವರು ಪಟ್ಟ ಪಾಡು ನೋಡಬೇಕಿತ್ತು, ಮೊದಲು ಒಂದು ಕಾಲು, ಆಮೇಲೆ ಸೊಂಟ, ಕೊನೆಗೆ ಟೋಪಿ. ಬೇಲಿಯ ಆಚೆ ಜೈತೂನ್ ಚಿಕ್ಕಮ್ಮ ಬಾಯಿಗೆ ತಲೆವಸ್ತ್ರದ ಅಂಚು ಒತ್ತಿಕೊಂಡು ನಗುತ್ತಿದ್ದಳು.

ಲೈಟು ಬಂತು ಟೇಕ್. ಗೆರೆಗೆರೆಯಾಗಿ, ತುಂಬಿಕೊಂಡು ಬಂತು. ಬಂತು ಎಂದು ಕೂಗಿದೆ. ಅವರು ಕಾಲು ತೆಗೆಯಲಿಲ್ಲ. ಹತ್ತಿರ ಹೋಗಿ ನೋಡಿದರೆ ಎರಡೂ ಕೈ ಸ್ಟೇರಿಂಗಿನ ಮೇಲಿಟ್ಟುಕೊಂಡು ಎದುರಿನ ಗೋಡೆ ನೋಡುತ್ತಾ ಕೂತಿದ್ದಾರೆ. "ಇದರಲ್ಲಿ ಕೂತ್ರೆ ರಸ್ತೆ ಕಾಣ್ತದೇನು ಅವನಿಗೆ?" ಎಂದು ಕೇಳಿದರು. ಕಾಣುತ್ತದೆ ಅಂದೆ. ಆಮೇಲೆ, "ಆ ಇಪೋದವನಿಗೆ ಏನು ಹೇಳಿದ್ದೀಯ?" ಇನ್ನೂ ಏನೂ ಹೇಳಿಲ್ಲವೆಂದೆ. "ಇಲ್ಲ ಅಂತ ಹೇಳು. ಬಲಗಡೇದು ಇದರ ಪಕ್ಕ ಮಂಕಾಗಿ ಕಾಣ್ತದೆ. ಅದನ್ನೂ ಹೊಸದು ಮಾಡ್ತೀನಿ." ನಿನ್ನನ್ನು ಕೇಳದೆಯೇ ಲಾಯ್‌ಗೆ ಇಲ್ಲವೆಂದು ಹೇಳಿಬಿಟ್ಟಿದ್ದೇನೆ. ಸಿಟ್ಟಿದ್ದರೆ ಬಂದಮೇಲೆ ಮಾಡು.

ಮೈ ನೋಡಿಕೋ. ಊಟ ಬಿಡಬೇಡ. ಜೈತೂನ್ ಚಿಕ್ಕಮ್ಮ ನಿನ್ನನ್ನು ಕೇಳಿದಳೆಂದು ತಿಳಿಸಲು ಹೇಳಿದ್ದಾಳೆ. ಸಮುದ್ರ ಶಾಂತವಾಗಿರಲಿ, ನಿನಗೆ ಒಳ್ಳೆಯ ನಿದ್ದೆ ಬರಲಿ.

ನಿನ್ನ
ಸ್ವೀ ಲಿಯನ್

ಮರೆತಿದ್ದೆ, ಅಂಚೆಯವನು ಬರುವ ಹೊತ್ತಾಯಿತು: ನೀನು ಯಾವಾಗಲೂ ಅಪ್ಪ ಕಾಫಿ ಅಂಗಡಿಗೆ ಹೋದ ಹೊತ್ತು ನೋಡಿಯೇ ಫೋನ್ ಮಾಡುತ್ತೀಯಲ್ಲ, ಈ ಪತ್ರ ಸಿಕ್ಕಿದ ಮೇಲೆ ಭಾನುವಾರ ಬೆಳಿಗ್ಗೆ ಮಾಡು. ನಾನು ಮಾರ್ಕೆಟ್ಟಿಗೆ ಹೋಗಿರುತ್ತೇನೆ, ಮನೆಯಲ್ಲಿ ಅಪ್ಪ ಒಬ್ಬರೇ. ಹಳೆಯದೇನೂ ಎತ್ತಬೇಡ, ಆ ಕೆಂಪು ಎಷ್ಟು ಹಾಕಿದಿರಿ ಎಂದು ಕೇಳು, ಸಾಕು. ಫೋನೆತ್ತಿ ಅವರು ಸ್ವಲ್ಪ ಹೊತ್ತು ಏನೂ ಮಾತಾಡಲಾರರು. ಲೈನು ಕಡಿಯಿತೆಂದು ಇಟ್ಟುಬಿಡಬೇಡ.