ಗಾಳಿಗೆ ಮುಖ ತಿರುಗಿಸಿದ ಯಂತ್ರ

ಕಂಬ ಬಿದ್ದ ನೂರಾ ಹನ್ನೊಂದನೆಯ ವರ್ಷ, ಕೆಂಗಾಳಿ ಮಾಸದ ಮೂವತ್ತಾರನೆಯ ದಿನ
ಬೋಳಗುಡ್ಡದ ನೆತ್ತಿ

ತಾರಸಿಯ ಮೇಲೆ ನಿಂತು ನಗುವ ಹಿಂದಿನವರಿಗೆ,

ನನ್ನ ಮಾತು ಒರಟಾಗಿ ಕೇಳಿಸಿದರೆ ಮನ್ನಿಸಬೇಕು. ನಿಮ್ಮ ಕನ್ನಡಕ್ಕೂ ನಮ್ಮ ಕನ್ನಡಕ್ಕೂ ನಡುವೆ ಬಹಳ ಧೂಳು ಕೂತಿದೆ. ತಿಂಗಳಿಗೆ ಮೂವತ್ತಾರು ದಿನವೇ ಎಂದು ಹುಬ್ಬೇರಿಸಬೇಡಿ. ಕೆಂಗಾಳಿ, ಅಂದರೆ ಬಯಲಿನ ಕೆಂಪು ಮಣ್ಣನ್ನು ಹೊತ್ತು ಗುಡ್ಡ ಹತ್ತುವ ಗಾಳಿ, ನಿಲ್ಲುವವರೆಗೂ ನಮ್ಮಲ್ಲಿ ಆ ಮಾಸ ಮುಗಿಯುವುದಿಲ್ಲ. ವರ್ಷವನ್ನು ನಾವು ಎಣಿಸುವುದು ಕೊನೆಯ ಹೆಣಗಂಬ ಬಿದ್ದ ದಿನದಿಂದ. ಹೆಣಗಂಬವೆಂದರೆ ನೀವು ಗುಡ್ಡದ ಸಾಲಿನುದ್ದಕ್ಕೂ ನೆಟ್ಟು, ಕೆಟ್ಟ ಮೇಲೆ ಇಳಿಸುವ ಗೋಜಿಗೆ ಹೋಗದೆ ಬಿಟ್ಟ ಬಿಳಿಯ ಗಾಳಿಕಂಬ. ಈ ಪತ್ರ ಹಿಂದಕ್ಕೆ ಹೇಗೆ ಬರುತ್ತದೆ ಎಂಬುದನ್ನು ವಿವರಿಸುವುದಿಲ್ಲ. ವಿವರಿಸಿದರೆ ಅರ್ಧ ಕೇಳಿ, ಉಳಿದರ್ಧವನ್ನು ಊಹಿಸಿಕೊಂಡು, ಊರಿಗೆಲ್ಲ ಕಲಿಸಲು ಹೊರಡುತ್ತೀರಿ. ನಿಮ್ಮ ಆ ಗುಣದಿಂದ ನನ್ನ ಅಣ್ಣ ಚಂದ್ರಾಮನಿಗೆ ಏನಾಯಿತು ಎಂದು ತಿಳಿಸುವುದಕ್ಕೇ ಬರೆಯುತ್ತಿದ್ದೇನೆ. ನನ್ನ ಹೆಸರು ಫಕೀರವ್ವ.

ನಾವು ಗುಡ್ಡದ ಮೇಲೆ ಇರುವುದು ಖುಷಿಗಲ್ಲ. ಕೆಳಗಿನ ಬಯಲಲ್ಲಿ ಉಸಿರಾಡುವ ಹಾಗಿಲ್ಲ. ಮನೆಗಳನ್ನು ಅರ್ಧ ನೆಲದೊಳಗೆ ಕಟ್ಟುತ್ತೇವೆ, ಮಾಡಿನ ಮೇಲೆ ಕಲ್ಲು ಹೇರುತ್ತೇವೆ. ಕೆಂಗಾಳಿಯ ದಿನಗಳಲ್ಲಿ ಒಲೆ ಹಚ್ಚುವಂತಿಲ್ಲ, ಒಂದು ಕಿಡಿ ಹಾರಿದರೆ ಊರೇ ಹೋಗುತ್ತದೆ. ಹಾಗಾಗಿ ಮೊದಲೇ ಬಡಿದಿಟ್ಟ ಖಡಕ್ ರೊಟ್ಟಿಯನ್ನು ಚಟ್ನಿಪುಡಿಯ ಜೊತೆ ತಿನ್ನುತ್ತೇವೆ. ಊರಿಗೆ ಇರುವುದು ಒಂದೇ ಕೊಳವೆಬಾವಿ, ಬಹಳ ಆಳದ್ದು. ಅದರಿಂದ ನೀರೆತ್ತುವುದೆಂದರೆ ಉದ್ದನೆಯ ಹಗ್ಗಕ್ಕೆ ಸಣ್ಣ ಕೊಳಗ ಕಟ್ಟಿ ಇಳಿಬಿಡುವುದು, ಸರದಿಯ ಮೇಲೆ ಎಳೆಯುವುದು. ನನ್ನ ಅವ್ವನ ಎರಡೂ ಭುಜ ಹಾಗೆಯೇ ಹೋದವು. ಅವಳು ತಲೆ ಬಾಚಿಕೊಳ್ಳಲಾಗದೆ ನನ್ನನ್ನು ಕರೆಯುವುದನ್ನು ನೋಡಿ ನೋಡಿ ಅಣ್ಣ ಒಂದು ನಿರ್ಧಾರ ಮಾಡಿದ. ಗಾಳಿಯಿಂದಲೇ ನೀರು ಎತ್ತಿಸಬೇಕು.

ನಿಮ್ಮ ಕಾಲದ ಆಡುವ ಚಿತ್ರಗಳು, ನೀವು ವಿಡಿಯೊ ಎನ್ನುತ್ತಿದ್ದಿರಂತೆ, ನಮ್ಮಲ್ಲಿ ಒಂದಿಷ್ಟು ಉಳಿದಿವೆ. ಅದರೊಳಗಿನ ಜನರನ್ನು ನಾವು ನಗುಮಾರಿಗಳು ಎನ್ನುತ್ತೇವೆ. ಎಲ್ಲರೂ ಸುಮ್ಮನೆ ನಗುತ್ತಿರುತ್ತಾರೆ, ಬೇರೆ ಕಾರಣವಿಲ್ಲ. ಅವರಲ್ಲೊಬ್ಬ ನೀಲಿ ಟೊಪ್ಪಿಗೆಯವನು ನಮ್ಮ ಮಾತನ್ನೇ ಆಡುತ್ತಿದ್ದ. ನೀರಿನ ಪೈಪು ಸೀಳಿ ಮೂರು ರೆಕ್ಕೆ ಮಾಡಿ, ಹಳೆಯ ಗಾಡಿಯ ಅಯಸ್ಕಾಂತ ಕೂಡಿಸಿ, ತಾಮ್ರದ ತಂತಿ ಸುತ್ತಿ, ತಾರಸಿಯಲ್ಲಿ ಗಾಳಿಯಂತ್ರ ನಿಲ್ಲಿಸಿದ್ದ. ಕಂಬಕ್ಕೆ ಅಂಗೈಯಿಂದ ಬಡಿದು ಹೇಳಿದ, "ಎಂಥಾ ಗಾಳಿ ಬಂದ್ರೂ ಜಗ್ಗಂಗಿಲ್ಲ ನೋಡ್ರಿ."

ಅಣ್ಣನ ಹೆಂಡತಿ, ನನ್ನ ವೈನಿ ಸಾವಂತ್ರೆವ್ವ, ಅವನ ಪಕ್ಕದಲ್ಲೇ ಕೂತು ನೋಡುತ್ತಿದ್ದಳು. "ಅವನ ಹಿಂದ ಹಗ್ಗದ ಮ್ಯಾಲ ಅಂಗಿ ಒಣಹಾಕ್ಯಾರಲ್ಲ, ಅದು ಅಲ್ಲಾಡವಲ್ದು. ಗಾಳೀನ ಇಲ್ಲಲ್ರೀ ಅಲ್ಲಿ," ಎಂದಳು.

"ನೀ ಅಂಗಿ ನೋಡಬ್ಯಾಡ, ಯಂತ್ರ ನೋಡು," ಎಂದ ಅಣ್ಣ.

ಅಣ್ಣನನ್ನು ನೀವು ದಡ್ಡ ಎಂದುಕೊಳ್ಳುವುದು ಬೇಡ. ಅಷ್ಟೊಂದು ನಂಬಿಕೆಯಿಂದ ಮಾತಾಡುವವನು ಕೆಂಗಾಳಿಯನ್ನು ಒಮ್ಮೆಯಾದರೂ ಕಂಡಿರಬೇಕು ಎಂದು ಅವನು ಭಾವಿಸಿದ. ಕಾಣದ್ದನ್ನು ಕಂಡಂತೆ ಹೇಳುವ ಚಾಳಿ ನಮ್ಮಲ್ಲಿಲ್ಲವಾದ್ದರಿಂದ ಟೊಪ್ಪಿಗೆಯವನು ಕಾಣದೆಯೇ ಹೇಳುತ್ತಿರಬಹುದು ಎಂಬುದು ಅವನಿಗೆ ಹೊಳೆಯಲಿಲ್ಲ.

ಅವನು ಟೊಪ್ಪಿಗೆಯವನು ಹೇಳಿದಂತೆಯೇ ಕಟ್ಟಿದ. ಕಂಬದ ಬುಡಕ್ಕೆ ತಿರುಗಣಿ ಇಟ್ಟರೆ ಗಾಳಿ ಜೋರಾದಾಗ ಮಲಗಿಸಬಹುದು ಎಂದು ವೈನಿ ಹೇಳಿದಳು. ಟೊಪ್ಪಿಗೆಯವನು ಬುಡವನ್ನು ಗಾರೆಯಲ್ಲಿ ಹೂತಿದ್ದ, ಹಾಗಾಗಿ ಅಣ್ಣನೂ ಹೂತ. ಚಳಿಗಾಲವಿಡೀ ಯಂತ್ರ ಚೆಂದವಾಗಿ ತಿರುಗಿತು. ಅದರ ವಿದ್ಯುತ್ತಿಗೆ ಬಾವಿಗಿಳಿಸಿದ ಹಳೆಯ ಪಂಪು ಓಡಿ, ಕೊಳವೆಯಿಂದ ನೀರು ತಾನಾಗಿ ಬಂದ ದಿನ ಅವ್ವ ಅದರ ಕೆಳಗೆ ಕೈಯೊಡ್ಡಿ ಬಹಳ ಹೊತ್ತು ನಿಂತಳು. ಆ ಋತುವಿನಲ್ಲಿ ನಾವೂ ನಗುಮಾರಿಗಳೇ ಆಗಿದ್ದೆವು.

ಕೆಂಗಾಳಿ ಒಂದು ಮಧ್ಯಾಹ್ನ ಬಂತು. ಯಂತ್ರದ ಗುಂಯ್‌ಗುಟ್ಟುವಿಕೆ ಮೊದಲು ಸಿಳ್ಳೆಯಾಯಿತು, ಆಮೇಲೆ ಕಿರುಚಾಟವಾಯಿತು. ಅಣ್ಣ ಓಡಿಹೋಗಿ ಯಂತ್ರದಿಂದ ಕೆಳಗಿಳಿದಿದ್ದ ಮೂರು ವಿದ್ಯುತ್ ತಂತಿಗಳ ತುದಿಯನ್ನು ಒಟ್ಟು ಸೇರಿಸಿ ಬಿಗಿದ. ಸಣ್ಣ ಗಾಳಿಯಲ್ಲಿ ಹಾಗೆ ಮಾಡಿದರೆ ರೆಕ್ಕೆ ಕಟ್ಟಿಹಾಕಿದಂತೆ ನಿಲ್ಲುತ್ತದೆ. ಅಂದು ತುಸು ತಡವರಿಸಿ ಮತ್ತೆ ಓಡಿತು. ಸುತ್ತಿದ ತಾಮ್ರ ಸುಟ್ಟು ಹೊಗೆ ಬಂತು. ಉಳಿದ ದಾರಿ ಒಂದೇ, ಯಂತ್ರದ ಬಾಲಕ್ಕೆ, ಅಂದರೆ ರೆಕ್ಕೆಗಳನ್ನು ಗಾಳಿಗೆ ಎದುರಾಗಿ ಹಿಡಿಯುವ ಹಿಂಬದಿಯ ಹಲಗೆಗೆ, ಹಗ್ಗ ಬಿಗಿದು ಅದನ್ನು ಗಾಳಿಯಿಂದ ಪಕ್ಕಕ್ಕೆ ಎಳೆಯುವುದು. ಅವನು ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು ಕಂಬ ಹತ್ತಿದ.

"ಇಳೀರಿ. ಹೋದ್ರ ಹೋಗ್ಲಿ ಅದು," ವೈನಿ ಕೆಳಗಿನಿಂದ ಕೂಗಿದಳು.

"ಮತ್ತ ಅವ್ವ ಹಗ್ಗ ಎಳೀಬೇಕೇನು?" ಎಂದ ಅವನು.

ಅದೇ ಗಳಿಗೆಯಲ್ಲಿ ಒಂದು ರೆಕ್ಕೆ ಕಿತ್ತು ಹಾರಿತು. ಉಳಿದೆರಡರ ತೂಕ ತಪ್ಪಿ ಕಂಬ ನಡುಗಿತು, ಅದನ್ನು ಸುತ್ತಲಿಂದ ಎಳೆದು ಹಿಡಿದಿದ್ದ ಬಿಗಿತಂತಿಗಳಲ್ಲೊಂದು ಕಡಿದುಹೋಯಿತು, ಜಗ್ಗದ ಕಂಬ ಅಣ್ಣನ ಸಮೇತ ಬಂಡೆಯ ಮೇಲೆ ಬಿತ್ತು.

ಅವನು ಬದುಕಿದ. ಮುರಿದ ಸೊಂಟ ಕೂಡಲಿಲ್ಲ. ಅಂದಿನಿಂದ ಅವನನ್ನು ಎತ್ತಿ ಕೂರಿಸಬೇಕು, ಎತ್ತಿ ಮಲಗಿಸಬೇಕು. ಇದನ್ನೂ ನಾನು ತಾಳಿಕೊಂಡೇನು. ತಾಳಲಾಗದ್ದು ಬೇರೆಯೇ ಇದೆ. ವರ್ಷಗಟ್ಟಲೆ ಅವನು ಆ ಚಿತ್ರವನ್ನು ಮತ್ತೆ ಮತ್ತೆ ಹಾಕಿಸಿಕೊಂಡು ನೋಡುತ್ತಿದ್ದ. "ಅಂವಾ ಬರೋಬ್ಬರಿ ಹೇಳ್ಯಾನ. ನಾನ ಎಲ್ಲೋ ತಪ್ಪೀನಿ," ಎನ್ನುತ್ತಿದ್ದ. ಟೊಪ್ಪಿಗೆಯವನು ಅಷ್ಟು ಹೊತ್ತಿಗೆ ಮಣ್ಣಾಗಿ ಎಷ್ಟೋ ಕಾಲವಾಗಿತ್ತು. ಅವನ ಯಂತ್ರ ಮುಂದಿನ ಮಳೆಗಾಲಕ್ಕೇ ಅಕ್ಕಪಕ್ಕದವರ ಮಾಡಿನ ಮೇಲೆ ಬಿದ್ದಿರುತ್ತದೆ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಹಾಗೆ ಬಿದ್ದದ್ದರ ಚಿತ್ರ ಎಲ್ಲಿ? ನಿಮ್ಮ ಇಷ್ಟೊಂದು ಚಿತ್ರಗಳಲ್ಲಿ ಹುಡುಕಿದ್ದೇವೆ, ಗಾಳಿಯ ಮರುದಿನದ ಚಿತ್ರ ಒಂದೂ ಸಿಕ್ಕಿಲ್ಲ.

ವೈನಿ ಅಳುತ್ತಾ ಕೂರಲಿಲ್ಲ. ಬಿದ್ದ ಚೂರುಗಳನ್ನೇ ಆಯ್ದು ಮತ್ತೆ ಶುರುಮಾಡಿದಳು. ಈ ಸಲ ಕಂಬದ ಬುಡಕ್ಕೆ ತಿರುಗಣಿ ಇಟ್ಟಳು, ರೆಕ್ಕೆಯ ಚಕ್ರವನ್ನು ಕಂಬದ ನೇರಕ್ಕೆ ಇಡದೆ ಒಂದು ಬದಿಗೆ ಸರಿಸಿದಳು. ಬಾಲವನ್ನು ವಾರೆಯಾದ ತಿರುಗಣಿಗೆ ಸೇರಿಸಿದಳು. ಗಾಳಿ ಮಿತಿ ಮೀರಿದಾಗ ಚಕ್ರ ತಾನೇ ಪಕ್ಕಕ್ಕೆ ತಿರುಗಿ ಬಾಲ ಮಡಚಿಕೊಳ್ಳಬೇಕು, ಗಾಳಿ ತಗ್ಗಿದಾಗ ಬಾಲದ ಭಾರಕ್ಕೆ ಮತ್ತೆ ನೇರವಾಗಬೇಕು. ಮೊದಲ ಸಲ ಬಾಲ ಅತಿಯಾಗಿ ಮಡಚಿ ರೆಕ್ಕೆಗೇ ಬಡಿಯಿತು. ಎರಡನೆಯ ಸಲ ಮಡಚಲೇ ಇಲ್ಲ. ಪ್ರತಿ ಸಲವೂ ಅವಳು ಊರವರನ್ನು ಕರೆದು, ಮುರಿದದ್ದನ್ನು ಕೈಗೆ ಕೊಟ್ಟು, ಎಲ್ಲಿ ಮುರಿಯಿತು ನೋಡಿ ಎನ್ನುತ್ತಿದ್ದಳು. "ನಿನ್ನ ಯಂತ್ರಕ್ಕ ನಾಚ್ಕಿ ಭಾಳ ಬಿಡವ್ವ, ಗಾಳಿ ಕಂಡ್ರ ಮಾರಿ ತಿರುವ್ತೈತಿ," ಎಂದು ಜನ ನಕ್ಕರು. "ಹೂಂ, ಅದಕ್ಕರೆ ನಾಚ್ಕಿ ಐತಿ," ಎಂದಳು ವೈನಿ.

ವೈನಿಯ ಯಂತ್ರ ಕೊನೆಗೂ ಮುರಿಯದೆ ತಾಳಿಕೊಂಡ ವರ್ಷದ ಕೆಂಗಾಳಿಯಲ್ಲಿ ಅಣ್ಣ ತನ್ನನ್ನು ಹೊರಗೆ ಒಯ್ಯಿರಿ ಎಂದು ಹಟ ಹಿಡಿದ. ನಾನೂ ವೈನಿಯೂ ಅವನನ್ನು ಹೊತ್ತು ಗೋಡೆಯ ಮರೆಗೆ ಕೂರಿಸಿ ಮುಖಕ್ಕೆ ಬಟ್ಟೆ ಕಟ್ಟಿದೆವು. ಗಾಳಿ ಏರಿತು. ಚಕ್ರ ಮೆಲ್ಲಗೆ ಪಕ್ಕಕ್ಕೆ ಹೊರಳಿತು, ಬಾಲ ಮಡಚಿತು, ಏಳುತ್ತಿದ್ದ ಸಿಳ್ಳೆ ಇಳಿದುಹೋಯಿತು. ನೀರು ಸಣ್ಣಗೆ ಬರುತ್ತಲೇ ಇತ್ತು. ಅಣ್ಣ ಬಹಳ ಹೊತ್ತು ನೋಡಿದ. ಆಮೇಲೆ, "ಆ ಟೊಪ್ಪಿಗಿ ಮನಷ್ಯಾಗ ಇದನ್ನ ಯಾರೂ ತೋರಿಸಿರಾಕಿಲ್ಲ, ಪಾಪ," ಎಂದ.

ವೈನಿ ಅವನ ಕಣ್ಣಿನ ಧೂಳು ಒರೆಸಿದಳು.

ಆ ಕರುಣೆ ನನ್ನಲ್ಲಿಲ್ಲ. ನಿಮಗೆ ತೋರಿಸುವವರು ಇರಲಿಲ್ಲ ಎಂಬುದು ಸುಳ್ಳು. ಗಾಳಿ ಪ್ರತಿವರ್ಷವೂ ನಿಮಗೆ ತೋರಿಸಿತು. ನೀವು ಬಾಗಿಲು ಹಾಕಿಕೊಂಡು ಒಳಗೆ ಕೂತಿರಿ, ಬಿದ್ದದ್ದನ್ನು ಕದ್ದುಮುಚ್ಚಿ ಗುಜರಿಗೆ ಹಾಕಿದಿರಿ, ನಿಂತಿದ್ದಾಗಿನ ಚಿತ್ರವನ್ನು ಮಾತ್ರ ನಮಗೆ ಬಿಟ್ಟಿರಿ. ನಿಮ್ಮಿಂದ ಒಳ್ಳೆಯ ಯಂತ್ರವನ್ನು ನಾನು ಕೇಳುತ್ತಿಲ್ಲ, ಅದು ನಿಮ್ಮ ಕೈಲಾಗದು. ಮುರಿದ ಬೆಳಿಗ್ಗೆ ಒಮ್ಮೆ ತಾರಸಿ ಹತ್ತಿ, ಮುರಿದದ್ದನ್ನು ಎತ್ತಿ ಹಿಡಿದು, ಇಲ್ಲಿ ಮುರಿಯಿತು ಎಂದು ಹೇಳಿ. ಅಷ್ಟು ಸಾಕು. ಹೇಳುವಾಗ ನಗಬೇಡಿ.

ವೈನಿ ಹೊರಗಿನಿಂದ ಕರೆಯುತ್ತಿದ್ದಾಳೆ. ಇಂದಿನ ಗಾಳಿ ಬಾಲ ಮಡಚಿದರೆ ತೀರುವಂಥದ್ದಲ್ಲ, ಕಂಬವನ್ನೇ ಮಲಗಿಸಬೇಕು, ಅದಕ್ಕೆ ಊರಿನ ಎಲ್ಲ ಕೈಗಳೂ ಬೇಕು. ನೀವು ಏಳಬೇಡಿ. ಈ ಕೆಲಸಕ್ಕೆ ನಿಮ್ಮನ್ನು ಕರೆಯುವವರು ಇಲ್ಲಿ ಯಾರೂ ಇಲ್ಲ.