ಸಿಹಿಗೂ ಕಾಫಿಗೂ ನಡುವಿನ ಅರ್ಧ ಗಂಟೆ

ಸೋಮ್ಯೂರ್,
೨೧ ಜೂನ್ ೧೯೯೮, ಭಾನುವಾರ

ನನ್ನ ಮುದ್ದು ತಿಬೋ,

ಹೇಗಿದ್ದೀಯ ಮಗನೇ? ಕಿವಿನೋವು ಇಳಿಯಿತೇ? ಕೆರ್ಗೆಲೆನ್ ದ್ವೀಪದಲ್ಲಿ ಗಾಳಿ ಅಳೆಯುವ ಕೆಲಸ ಸರ್ಕಾರದ್ದು, ಕಿವಿ ಮಾತ್ರ ನಿನ್ನದು. ಟೋಪಿ ಹಾಕದೆ ಹೊರಗೆ ಕಾಲಿಡಬೇಡ. ನಾನು ಹೆಣೆದ ಉಣ್ಣೆಯ ಕಾಲುಚೀಲ ಆರು ಜೊತೆ ಈ ಪತ್ರದೊಂದಿಗೇ ಆಗಸ್ಟಿನ ಹಡಗಿಗೆ ಬರುತ್ತಿವೆ. ನಾನು ಗಟ್ಟಿಮುಟ್ಟಾಗಿದ್ದೇನೆ. ನಿಮ್ಮಪ್ಪನ ಮಂಡಿ ಹಾಗೇ ಇದೆ, ಕೈ ನಡುಕ ಒಂದಿಷ್ಟು ಹೆಚ್ಚಾಗಿದೆ. ಊರೆಲ್ಲ ಫುಟ್‌ಬಾಲ್ ಹುಚ್ಚು ಹಿಡಿದು ಕೂತಿದೆ. ಮಧ್ಯಾಹ್ನ ಊಟಕ್ಕೆ ಬಂದವರು ಕುರ್ಚಿ ಎಳೆಯುವ ಮೊದಲೇ ಗಡಿಯಾರ ನೋಡುತ್ತಾರೆ.

ಅಂಥವರಿಗೆಂದೇ ಹೋದ ವರ್ಷ ನಮ್ಮ ಹೋಟೆಲಿನಲ್ಲಿ ಕಫೆ ಗೂರ್ಮಾಂ ಶುರು ಮಾಡಿದ್ದು ನಿನಗೆ ನೆನಪಿರಬೇಕು. ತಟ್ಟೆಯ ನಡುವೆ ಕಾಫಿ, ಸುತ್ತ ಒಂದೊಂದು ತುತ್ತಿನ ನಾಲ್ಕು ಸಿಹಿ. ನಿಮ್ಮಪ್ಪನಿಗೆ ಅದನ್ನು ಕಂಡರೆ ಇವತ್ತಿಗೂ ಮೈ ಉರಿ. "ಸಿಹಿ ಅಂದ್ರೆ ಸಿಹಿ, ಕಾಫಿ ಅಂದ್ರೆ ಕಾಫಿ. ಎರಡನ್ನೂ ಒಟ್ಟಿಗೆ ತಂದಿಟ್ರೆ, ತಿಂದಾಯ್ತಲ್ಲ ಎದ್ದೇಳಿ ಅಂದ ಹಾಗೆ ಕಣೇ ಯುಗೆತ್," ಎನ್ನುತ್ತಾರೆ. ಹೌದು, ಎದ್ದೇಳಲಿ ಅಂತಲೇ ಇಡುವುದು, ಇನ್ನೇನು? ಆದರೆ ಭಾನುವಾರ ಹೋಟೆಲು ಮುಚ್ಚಿದಾಗ ನಮ್ಮ ಸ್ವಂತ ಮೇಜಿಗೆ ಅದು ಎಂದೂ ಬಂದದ್ದಿಲ್ಲ. ಸಿಹಿ ಮುಗಿಯಬೇಕು, ತಟ್ಟೆ ತೆಗೆಯಬೇಕು, ಆಮೇಲೆ ಅರ್ಧ ಗಂಟೆ ಮೇಜಿನ ಮೇಲೆ ಬ್ರೆಡ್ಡಿನ ಪುಡಿ ಬಿಟ್ಟರೆ ಏನೂ ಇರಬಾರದು, ಆಮೇಲೆ ಕಾಫಿ. ಈ ಮನೆಯಲ್ಲಿ ಆಡಬೇಕಾದ ಮಾತುಗಳನ್ನೆಲ್ಲ ಆಡಿದ್ದು ಆ ಅರ್ಧ ಗಂಟೆಯಲ್ಲೇ. ನಿಮ್ಮಪ್ಪ ನನ್ನನ್ನು ಕೊಡುತ್ತೀರಾ ಎಂದು ನಿಮ್ಮ ತಾತನನ್ನು ಕೇಳಿದ್ದು ಆಗಲೇ. ದ್ವೀಪಕ್ಕೆ ಹೋಗುತ್ತೇನೆ, ಒಂದು ವರ್ಷ ಬರುವುದಿಲ್ಲ ಎಂದು ನೀನು ಬಾಂಬು ಹಾಕಿದ್ದೂ ಆಗಲೇ.

ಹೋದ ಭಾನುವಾರ ನಿನ್ನ ಮಗಾಲಿ ಬಂದಿದ್ದಳು. ಅವಳೇ ಫೋನು ಮಾಡಿದಳು. "ನಿಮ್ಮ ಹತ್ರ ಒಂದು ಮಾತು ಹೇಳೋದಿದೆ ಮದಾಮ್, ಫೋನಲ್ಲಿ ಬೇಡ. ತಿಬೋಗೆ ಬರೆಯೋಣ ಅಂತ ಕೂತ್ರೆ ಕೈಯೇ ಓಡ್ತಿಲ್ಲ," ಎಂದಳು. ಊಟಕ್ಕೇ ಬಾರಮ್ಮ ಎಂದೆ. ಎಷ್ಟಾದರೂ ನೀನು ಮೆಚ್ಚಿದ ಹುಡುಗಿಯಲ್ಲವೇ. ಕುಂಡದ ಸಮೇತ ಒಂದು ಹೂವಿನ ಗಿಡ ತಂದಿದ್ದಳು, ಅದರ ಬೆಲೆಯ ಚೀಟಿಯನ್ನೂ ಕಿತ್ತಿರಲಿಲ್ಲ. ಕೂದಲು ಕತ್ತರಿಸಿಕೊಂಡಿದ್ದಾಳೆ, ಶೋಲೆಯ ಫ್ಯಾಕ್ಟರಿಯಲ್ಲಿ ಹಾಕುವ ಟೋಪಿಯೊಳಗೆ ಕೂರಲೆಂದಂತೆ. ನಿಮ್ಮಪ್ಪ ಅವಳಿಗಾಗಿ ಮೊಲದ ಮಾಂಸ ಬೇಯಿಸಿದ್ದರು, ನಡುಗುವ ಕೈಯಲ್ಲೇ ನಮ್ಮ ಊರಿನ ವೈನು ಬಗ್ಗಿಸಲು ಹೋದರು. ಇವಳು ಲೋಟದ ಮೇಲೆ ಅಂಗೈ ಮುಚ್ಚಿ ನೀರು ಸಾಕು ಎಂದಳು. ಸೋಮ್ಯೂರಿಗೆ ಬಂದು ನೀರು!

ಚೀಸ್ ಮುಗಿಯಿತು. ಅವಳು ಎರಡು ಸಲ ಗಂಟಲು ಸರಿಮಾಡಿಕೊಂಡಳು. ಸಿಹಿ ಮುಗಿದ ಮೇಲೆ ನಮ್ಮಲ್ಲಿ ಬಿಡುವು ಸಿಗುತ್ತದೆ ಎಂದು ನೀನೇ ಹೇಳಿಕೊಟ್ಟಿರಬೇಕು, ಅದಕ್ಕಾಗಿ ಕಾಯುತ್ತಿದ್ದಳು. ನಾನು ಎದ್ದು ಒಳಗೆ ಹೋಗಿ ಕಫೆ ಗೂರ್ಮಾಂ ಮಾಡಿ ತಂದು ಅವಳ ಮುಂದಿಟ್ಟೆ. ಅವಳೊಬ್ಬಳಿಗೇ. ಚಾಕೊಲೇಟ್ ಮೂಸ್, ಸುಟ್ಟ ಸಕ್ಕರೆಯ ಕ್ರೀಮು, ನಿಂಬೆಯ ಟಾರ್ಟು, ಒಂದು ಹಸಿರು ಮ್ಯಾಕರೂನ್. ನಡುವೆ ಹೊಗೆಯಾಡುವ ಕಾಫಿ. ನಿಮ್ಮಪ್ಪನ ಕೈಯಲ್ಲಿದ್ದ ಚಾಕು ಅಲ್ಲೇ ನಿಂತಿತು. "ಇವತ್ತು ಭಾನುವಾರ ಕಣೇ," ಎಂದರು. "ಮೂರೂ ಹತ್ತಕ್ಕೆ ಅವಳ ರೈಲು ಇದೆಯಲ್ಲ ರೀ, ಪಾಪ ತಡ ಆಗ್ಬಾರ್ದು," ಎಂದೆ. ಗಂಟೆ ಆಗಿನ್ನೂ ಎರಡು ಹೊಡೆದಿತ್ತು. ನಮ್ಮ ಮನೆಯಿಂದ ಸ್ಟೇಷನ್ನಿಗೆ ಹತ್ತು ನಿಮಿಷದ ದಾರಿಯೆಂದು ನಿನಗೆ ಗೊತ್ತೇ ಇದೆ.

ಆಮೇಲೆ ಅವಳು ಏನು ಮಾಡಿದಳು ಕೇಳು. ಟಾರ್ಟನ್ನು ಬೆರಳಲ್ಲಿ ಎತ್ತಿ ತಿರುಗಿಸಿ, ತಳ ನೋಡಿ ನಕ್ಕಳು. "ಇದು ನಮ್ಮ ಫ್ಯಾಕ್ಟರಿ ಲೈನಿಂದು ಮದಾಮ್. ತಳದಲ್ಲಿ ಈ ಚುಕ್ಕೆ ಇದೆಯಲ್ಲ, ನಮ್ಮ ಮೂರನೇ ಅಚ್ಚು ಹಾಳಾಗಿದೆ, ಅದು ಬಿಡೋ ಗುರುತು. ದಿನಕ್ಕೆ ನಾಲ್ಕು ಸಾವಿರ ಪ್ಯಾಕ್ ಮಾಡ್ತೀನಿ." ನನ್ನ ಬೆನ್ನ ಹಿಂದೆಯೇ ಕಪ್ಪು ಹಲಗೆ ತೂಗುತ್ತಿತ್ತು, ಅದರ ಮೇಲೆ ನನ್ನದೇ ಅಕ್ಷರದಲ್ಲಿ 'ಎಲ್ಲವೂ ನಮ್ಮ ಅಡುಗೆಮನೆಯದೇ' ಎಂದಿತ್ತು. ನಿಮ್ಮಪ್ಪನ ಕೈ ಹೀಗಾದ ಮೇಲೆ ಫ್ರೀಜರಿನ ಡಬ್ಬಿಯ ಸಿಹಿಯೇ ಗತಿಯಾಗಿದೆ ಎಂಬುದು ನಮ್ಮಿಬ್ಬರನ್ನು ಬಿಟ್ಟರೆ ಈ ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲ. ಅವಳು ಕುಹಕಕ್ಕೆ ಹೇಳಿದಳೆನ್ನಲಾರೆ, ಹಲಗೆಯ ಕಡೆ ನೋಡಲೂ ಇಲ್ಲ. ಯಾವುದೋ ಊರಲ್ಲಿ ಗುರುತಿನವರು ಸಿಕ್ಕಿದಷ್ಟು ಖುಷಿಯಿಂದ ಹೇಳಿದಳು. ನನಗೆ ಅದೇ ಹೆಚ್ಚು ಉರಿಯಿತು.

ನಾಲ್ಕನ್ನೂ ತಿಂದಳು, ಒಂದು ಚೂರೂ ಬಿಡದೆ. ಕಾಫಿ ಮಾತ್ರ ಮುಟ್ಟಲಿಲ್ಲ. ಬೆಳಗ್ಗೆ ಮೂರು ಕಪ್ಪು ಕಾಫಿ ಇಳಿಯದಿದ್ದರೆ ಇವಳಿಗೆ ಕಣ್ಣೇ ಬಿಡಲಾಗದು ಎಂದು ನೀನೇ ನಗುತ್ತಿದ್ದೆ. "ಕುಡಿಯಮ್ಮ, ಆರಿ ಹೋಗುತ್ತೆ," ಎಂದು ಎರಡು ಸಲ ಕಪ್ಪನ್ನು ಅವಳ ಹತ್ತಿರಕ್ಕೆ ಸರಿಸಿದೆ. ಎರಡು ಸಲವೂ ಮುಖ ಪಕ್ಕಕ್ಕೆ ತಿರುಗಿಸಿದಳು. ಕೊನೆಗೆ ಬಾಯಿ ತೆರೆದು, "ಮದಾಮ್, ನಾನು ಬಂದಿದ್ದು ಯಾಕೆ ಅಂದ್ರೆ" ಎಂದಳು. ನಾನು ಬಿಡಲಿಲ್ಲ. "ತಿಬೋ ಇನ್ನೊಂದು ಚಳಿಗಾಲ ಅಲ್ಲೇ ಇರ್ತೀನಿ ಅಂತ ಬರ್ಕೊಟ್ಟಿದಾನಂತೆ. ನಿಂಗೆ ತಿಳಿಸಿಲ್ವಾ?" ಎಂದೆ. ಅವಳ ಮುಖದಿಂದ ರಕ್ತ ಇಳಿದು ಹೋದದ್ದು ಕಂಡಿತು. "ಇಲ್ಲ, ತಿಳಿಸಿಲ್ಲ," ಎಂದಳು. ಎದ್ದು, ಊಟಕ್ಕೆ ಕೊಟ್ಟಿದ್ದ ಕರವಸ್ತ್ರವನ್ನು ನೀಟಾಗಿ ಮಡಚಿ ತಟ್ಟೆಯ ಪಕ್ಕ ಇಟ್ಟಳು. ಮತ್ತೆ ಅದೇ ಮೇಜಿಗೆ ಕೂರುವ ಮನೆಯವರು ಮಡಚುತ್ತಾರೆ, ಅತಿಥಿಗಳಲ್ಲ; ಅಷ್ಟನ್ನೂ ಅವಳಿಗೆ ಯಾರೂ ಕಲಿಸಿಲ್ಲ. ಅವಳು ಹೋದ ಮೇಲೆ ಬಿಡಿಸಿ ಒಗೆಯಲು ಹಾಕಿದೆ.

ಸುಳ್ಳು ಹೇಳಿದೆ ಎಂದು ಸಿಟ್ಟಾಗಬೇಡ. ನಿನಗಾಗಿ ಹೇಳಿದ್ದು. ಹದಿನೈದು ದಿನ ಬೇಸರವಾದೀತು, ಆಮೇಲೆ ಆ ಗಾಳಿಯೇ ಎಲ್ಲವನ್ನೂ ಮರೆಸುತ್ತದೆ. ಮುಂದಿನ ಮಾರ್ಚಿಗೆ ನೀನು ಬಂದಾಗ ಈ ಅಡುಗೆಮನೆ, ಒಲೆ, ಕಪ್ಪು ಹಲಗೆ ಎಲ್ಲ ನಿನ್ನದೇ. ಫ್ರೀಜರನ್ನು ಎಸೆಯುತ್ತೀಯೋ ಇಟ್ಟುಕೊಳ್ಳುತ್ತೀಯೋ ನಿನ್ನಿಷ್ಟ. ಅವಳ ಹೂಗಿಡಕ್ಕೆ ನಿಮ್ಮಪ್ಪ ದಿನಾ ನೀರು ಹಾಕುತ್ತಾರೆ.

ನಿನ್ನ ಕೆನ್ನೆಗೆ ನಾಲ್ಕು ಮುತ್ತು, ಎರಡು ನನ್ನವು, ಎರಡು ನಿಮ್ಮಪ್ಪನವು. ದೇವರು ನಿನ್ನ ಕಿವಿಗಳನ್ನು ಕಾಯಲಿ.

ನಿನ್ನ ಅಮ್ಮ,
ಯುಗೆತ್

ತಾ.ಕ.: ಲಕೋಟೆ ಅಂಟಿಸಲು ನಿಮ್ಮಪ್ಪ ಬಿಡುತ್ತಿಲ್ಲ, ಎದುರಿಗೇ ನಿಂತಿದ್ದಾರೆ. "ನೀನು ಬರೀತೀಯೋ, ಈ ನಡುಗೋ ಕೈಲಿ ನಾನೇ ಬರೀಲೋ?" ಎನ್ನುತ್ತಿದ್ದಾರೆ. ಸರಿ, ಬರೆಯುತ್ತೇನೆ. ನೀನು ನನ್ನ ಹೊಟ್ಟೆಯಲ್ಲಿದ್ದಾಗ ಏಳು ತಿಂಗಳು ನನಗೂ ಕಾಫಿಯ ವಾಸನೆ ತಡೆಯಲಾಗುತ್ತಿರಲಿಲ್ಲ. ಆ ದಿನ ಬಾಗಿಲು ತೆರೆದಾಗ ನಿಮ್ಮಪ್ಪನ ಕಪ್ಪಿನ ವಾಸನೆಗೇ ಅವಳು ಗೋಡೆ ಹಿಡಿದು ನಿಂತಳು. ನನಗೆ ಆಗಲೇ ಗೊತ್ತಾಯಿತು. ಅವಳು ಹೇಳಲು ಬಂದದ್ದು ಏನೆಂದು ತಿಳಿದೇ ಕಾಫಿಯನ್ನು ಸಿಹಿಯ ಜೊತೆಗೆ ತಂದಿಟ್ಟೆ. ನೀನು ಹೊರಟದ್ದು ಮಾರ್ಚಿನ ಕೊನೆಗೆ, ಒಂಬತ್ತು ತಿಂಗಳು ಕೂಡಿಸಿಕೋ. ಗುರುವಾರ ನಿಮ್ಮಪ್ಪ ಅವಳನ್ನು ಹುಡುಕಿಕೊಂಡು ಶೋಲೆಗೆ ಹೋಗಿದ್ದರು. ಕೋಣೆ ಖಾಲಿ ಮಾಡಿದ್ದಾಳೆ, ಕೆಲಸವನ್ನೂ ಬಿಟ್ಟಿದ್ದಾಳೆ, ಎಲ್ಲಿಗೆ ಹೋದಳೆಂದು ಯಾರಿಗೂ ಗೊತ್ತಿಲ್ಲ. ಅವಳ ತವರಿನ ವಿಳಾಸ ನಿನ್ನ ಬಳಿ ಇದ್ದರೆ ತಕ್ಷಣ ಕಳಿಸಬೇಕಂತೆ. ತಕ್ಷಣ ಎಂದರೆ ಅಲ್ಲಿಂದ ಇಲ್ಲಿಗೆ ಅಂಚೆ ಬರುವುದು ಡಿಸೆಂಬರಿನ ಹಡಗಿಗೆ ಎಂದು ನಾನು ನಿಮ್ಮಪ್ಪನಿಗೆ ಹೇಳಿಲ್ಲ. ಕಾಲುಚೀಲಗಳನ್ನು ಬಿಸಿನೀರಿನಲ್ಲಿ ಒಗೆಯಬೇಡ, ಕುಗ್ಗುತ್ತವೆ.